ಗಾಜಿನ ಬೀರುವಿನ ಕಾರುಗಳು

ಅಣ್ಣನ ವರ್ಷದ ತಿಥಿ ಮುಗಿದ ಮಾರನೆಯ ದಿನ ಅತ್ತಿಗೆ ನನ್ನನ್ನು ಮುಂದಿನ ಕೋಣೆಗೆ ಕರೆದರು. "ಪುಸ್ತಕಗಳ ಬಗ್ಗೆ ಇದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಅಂತ ಬರೀತೀಯಲ್ಲ, ಹಾಗೇ ಇವನ್ನೂ ಒಂದು ಸಲ ನೋಡಿ ಹೇಳು. ಯಾವುದನ್ನ ಇಟ್ಕೊಳ್ಳಲಿ, ಯಾವುದನ್ನ ಕೊಡಲಿ?" ಎಂದರು.

ಅವರು ತೋರಿಸಿದ್ದು ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತಿದ್ದ 214 ಪುಟ್ಟ ಕಾರುಗಳನ್ನು. ಹಾಸನದ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ಬೇರೆಯವರ ದುಡ್ಡು ಎಣಿಸಿದ ನಮ್ಮ ಅಣ್ಣ, ಸಂಜೆ ಮನೆಗೆ ಬಂದು ಈ ಕಾರುಗಳನ್ನು ಎಣಿಸುತ್ತಿದ್ದ. ಕೆಲವನ್ನು ಕೊಂಡಿದ್ದ, ಕೆಲವನ್ನು ಕೈಯಾರೆ ಜೋಡಿಸಿದ್ದ. ಬೆಂಗಳೂರಿನಿಂದ ಯಾರೋ ಸಂಗ್ರಾಹಕರು ಫೋನು ಮಾಡಿದ್ದರಂತೆ. ಅವರ ಮೊದಲ ಪ್ರಶ್ನೆ, "ಡಬ್ಬಿ ಇದೆಯಾ ಮೇಡಂ?" ಕಾರು ಹೇಗಿದೆ ಎಂದು ಅವರು ಕೇಳಲೇ ಇಲ್ಲ ಎಂಬುದು ಅತ್ತಿಗೆಯ ಮನಸ್ಸಿಗೆ ಚುಚ್ಚಿತ್ತು.

ನಾನು ಕಾರಿನ ವಿಷಯದಲ್ಲಿ ದಡ್ಡಿ. ಆದರೂ ಒಪ್ಪಿಕೊಂಡೆ. ಅಣ್ಣ ಕೂಡಿಟ್ಟಿದ್ದ ಪುಸ್ತಕಗಳನ್ನೂ ಅವನ ಲೆಕ್ಕದ ನೋಟ್‌ಬುಕ್ಕನ್ನೂ ಒಂದು ತಿಂಗಳು ಓದಿದೆ. ಆಮೇಲೆ ಒಂದೊಂದೇ ಕಾರನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದೆ. ಈ ಬರಹ ಆ ನೋಟದ ವಿಮರ್ಶೆ. ಕೃತಿಕಾರ ಅಣ್ಣನಾದರೂ ರಿಯಾಯಿತಿ ಕೊಟ್ಟಿಲ್ಲ.

ಗಂಡಸರು ದೊಡ್ಡವರಾದ ಮೇಲೂ ಆಟಿಕೆ ಇಟ್ಟುಕೊಳ್ಳುತ್ತಾರೆ ಎಂದು ನಗುವ ಮೊದಲು ನಮ್ಮ ಮನೆಯ ಅಟ್ಟವನ್ನೊಮ್ಮೆ ನೆನೆಯಬೇಕು. ದಸರೆಗೆ ಮೆಟ್ಟಿಲು ಕಟ್ಟಿ, ತವರಿನಿಂದ ಬಂದ ಪಟ್ಟದ ಬೊಂಬೆಗಳನ್ನು ಮೇಲೆ ಕೂರಿಸಿ, ಕೆಳಗೆ ರಾಗಿ ಪೈರು ಬೆಳೆಸಿ ಪಾರ್ಕು ಮಾಡಿ, ಕನ್ನಡಿ ಇಟ್ಟು ಕೆರೆ ಎನ್ನುವವರು ನಾವೇ ತಾನೆ? ಲೋಕವನ್ನು ಕುಗ್ಗಿಸಿ ಮನೆಯೊಳಗೆ ಇಟ್ಟುಕೊಳ್ಳುವ ಆಸೆ ನಮಗೇನೂ ಹೊಸದಲ್ಲ. ವ್ಯತ್ಯಾಸ ಇಷ್ಟೇ. ನಮ್ಮ ಬೊಂಬೆಗಳಲ್ಲಿ ಶೆಟ್ಟಿ ಅಂಗಡಿಗಿಂತ ಶೆಟ್ಟರು ದೊಡ್ಡವರಿರಬಹುದು, ಆನೆಗಿಂತ ಗಿಳಿ ದಪ್ಪಗಿರಬಹುದು, ಯಾರೂ ಕೇಳುವುದಿಲ್ಲ. ಅಣ್ಣನ ಲೋಕದಲ್ಲಿ ಅಳತೆಯೇ ದೇವರು.

ಆ ಅಳತೆಯ ಲೆಕ್ಕ ಕಷ್ಟದ್ದಲ್ಲ. 1:43 ಎಂದರೆ ನಿಜವಾದ ಕಾರಿನ ಉದ್ದವನ್ನು 43ರಿಂದ ಭಾಗಿಸಿದ್ದು. ನಮ್ಮ ಅಂಬಾಸಡರ್ ಸುಮಾರು 4.3 ಮೀಟರ್ ಉದ್ದದ ಕಾರು. ಅದು 1:43ರಲ್ಲಿ ಹತ್ತು ಸೆಂಟಿಮೀಟರ್, 1:24ರಲ್ಲಿ ಹದಿನೆಂಟು, 1:18ರಲ್ಲಿ ಇಪ್ಪತ್ತನಾಲ್ಕು. ಮಕ್ಕಳ ಕೈಯಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಕಾರುಗಳ 1:64ರಲ್ಲಿ ಏಳು ಸೆಂಟಿಮೀಟರಿಗೂ ಕಡಿಮೆ. ಈ 43 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಆಟದ ರೈಲುಗಳಿಗೆ ಒಂದು ಅಡಿಗೆ ಏಳು ಮಿಲಿಮೀಟರ್ ಎಂಬ ಪ್ರಮಾಣವಿತ್ತು. ಆ ರೈಲಿನ ಪಕ್ಕದಲ್ಲಿ ನಿಲ್ಲಿಸಲೆಂದು ಹುಟ್ಟಿದವು ಈ ಕಾರುಗಳು. ಅಂದರೆ ಇವೂ ಮೊದಲು ಬೊಂಬೆಯ ಮೆಟ್ಟಿಲ ಕೆಳಗಿನ ಪಾರ್ಕಿನ ಅಲಂಕಾರವೇ.

ಲಿವರ್‌ಪೂಲಿನ ಮೆಕ್ಯಾನೊ ಕಂಪನಿ 1934ರಿಂದ ಡಿಂಕಿ ಎಂಬ ಹೆಸರಿನಲ್ಲಿ ಇಂಥ ಕಾರುಗಳನ್ನು ಮಾರಿತು. ಅಲ್ಲಿ ಹಳತಾದ ಕೆಲವು ಅಚ್ಚುಗಳು ಅರವತ್ತರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತೆಗೆ ಬಂದವು. ಇಲ್ಲಿ ಅವೇ ಕಾರುಗಳು ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ಹೊರಬಂದವು. ಅಣ್ಣನ ನೋಟ್‌ಬುಕ್ಕಿನ ಒಂದನೇ ನಂಬರು ಅಂಥದೊಂದು ಜಾಗ್ವಾರ್. ಚಿಕ್ಕಪ್ಪ ಮದರಾಸಿನಿಂದ ತಂದುಕೊಟ್ಟದ್ದು. ಅದರ ಬಣ್ಣವೆಲ್ಲ ಹೋಗಿದೆ, ಒಂದು ಟೈರು ಇಲ್ಲ. ಅಂಗಳದ ಕಲ್ಲಿನ ಮೇಲೆ ಓಡಿಸುತ್ತಿದ್ದವರಲ್ಲಿ ನಾನೂ ಒಬ್ಬಳು. ಬೆಂಗಳೂರಿನವರು ಅದಕ್ಕೆ ಬೆಲೆ ಇಲ್ಲ ಎಂದರು. ಆದರೆ ಬಣ್ಣ ಹೋದಲ್ಲೆಲ್ಲ ಲೋಹದ ಮೈಯ ಬಳುಕು ಎಷ್ಟು ಸ್ಪಷ್ಟವಾಗಿದೆ! ಅಚ್ಚು ಕೊರೆದವನಿಗೆ ಆ ಕಾರು ಗೊತ್ತಿತ್ತು. ಎರಡನೇ ಸಾಲಿನ ಹೊಳೆಯುವ ಎಷ್ಟೋ ಕಾರುಗಳಲ್ಲಿ ಆ ಬಲ್ಲತನ ನನಗೆ ಕಾಣಲಿಲ್ಲ.

ಇನ್ನು ಮ್ಯಾಚ್‌ಬಾಕ್ಸ್. ಇದರ ಹುಟ್ಟಿನ ಕಥೆಯನ್ನು ಹೆಣ್ಣುಮಕ್ಕಳೆಲ್ಲ ತಿಳಿದಿರಬೇಕು. ಲಂಡನ್ನಿನ ಲೆಸ್ನಿ ಕಂಪನಿಯ ಜಾಕ್ ಓಡೆಲ್ ಎಂಬ ಕುಶಲಕರ್ಮಿಗೆ ಮಗಳಿದ್ದಳು. ಅವಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಸಣ್ಣ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮ. ಅಪ್ಪ ಅವಳಿಗಾಗಿ ಹಿತ್ತಾಳೆಯಲ್ಲಿ ಪುಟ್ಟದೊಂದು ರೋಡ್ ರೋಲರ್ ಮಾಡಿಕೊಟ್ಟ. ಅವಳ ಗೆಳತಿಯರೂ ಬೇಕೆಂದರು. 1953ರಲ್ಲಿ ಮ್ಯಾಚ್‌ಬಾಕ್ಸ್ ಮಾಲೆ ಶುರುವಾದಾಗ ಒಂದನೇ ನಂಬರು ಆ ರೋಡ್ ರೋಲರಿಗೇ ಸಂದಿತು. ಹುಡುಗರ ಹವ್ಯಾಸ ಎಂದು ನಾವು ಬಿಟ್ಟುಕೊಟ್ಟಿರುವ ಈ ಲೋಕದ ಒಂದು ದೊಡ್ಡ ಬಾಗಿಲನ್ನು ತೆರೆದದ್ದು ಒಬ್ಬ ಹುಡುಗಿಯ ಶಾಲೆಯ ಚೀಲ.

ಆದರೆ ವಿಮರ್ಶಕಿಯಾಗಿ ಹೇಳಬೇಕೆಂದರೆ ಮ್ಯಾಚ್‌ಬಾಕ್ಸಿನಲ್ಲಿ ಅಳತೆಯನ್ನು ತೀರ್ಮಾನಿಸಿದ್ದು ಡಬ್ಬಿ. ಬಸ್ಸೂ ಅದೇ ಡಬ್ಬಿಯಲ್ಲಿ, ಕಾರೂ ಅದೇ ಡಬ್ಬಿಯಲ್ಲಿ. ಹಾಗಾಗಿ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಬಸ್ಸು ಕಾರಿನಷ್ಟೇ. ನನಗೆ ಇದು ದೋಷವೆನಿಸಲಿಲ್ಲ. ಮಗುವಿನ ಅಂಗೈಯೇ ಅದರ ಅಳತೆಗೋಲು. ಆ ಅಂಗೈಗೆ ಅದು ಮೋಸ ಮಾಡಿಲ್ಲ.

ಅಮೆರಿಕದ ಮ್ಯಾಟೆಲ್ ಕಂಪನಿ 1968ರಲ್ಲಿ ಹಾಟ್ ವೀಲ್ಸ್ ತಂದಾಗ ಈ ಸಾಧುತನಕ್ಕೆ ಪೆಟ್ಟು ಬಿತ್ತು. ತೆಳ್ಳನೆಯ ಅಚ್ಚುಗಂಬಿ, ಸರ್ರನೆ ಜಾರುವ ಚಕ್ರ, ಮಿಠಾಯಿ ಕಾಗದದಂಥ ಬಣ್ಣ. ನಿಜವಾದ ಕಾರಿನಂತಿರಬೇಕೆಂಬ ಹಂಬಲಕ್ಕಿಂತ ಓಡಬೇಕೆಂಬ ಹಂಬಲವೇ ಅವುಗಳಲ್ಲಿ ಹೆಚ್ಚು. ಮರುವರ್ಷವೇ ಮ್ಯಾಚ್‌ಬಾಕ್ಸಿನವರೂ ವೇಗದ ಚಕ್ರ ಹಾಕಿದರು. ಲೆಸ್ನಿ 1982ರಲ್ಲಿ ದಿವಾಳಿಯಾಯಿತು. ಕೈಬದಲಾಗುತ್ತ ಬಂದ ಮ್ಯಾಚ್‌ಬಾಕ್ಸ್ ಹೆಸರು 1997ರಲ್ಲಿ ಅದೇ ಮ್ಯಾಟೆಲ್ ಪಾಲಾಯಿತು. ಸವತಿಯರಿಬ್ಬರೂ ಕಡೆಗೆ ಒಂದೇ ಮನೆ ಸೇರಿದ ಹಾಗೆ.

ಅಣ್ಣನ ಮೂರನೇ ಸಾಲಿನಲ್ಲಿ ಒಂದು ಕಾರ್ಗಿ ಇದೆ. ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್, 1965ರಲ್ಲಿ ಬಂದ ಮಾದರಿ. ಸಿನಿಮಾದ ಕಾರು ಬೆಳ್ಳಿ ಬಣ್ಣದ್ದು, ಇದು ಚಿನ್ನದ ಬಣ್ಣದ್ದು. ಬೆಳ್ಳಿ ಬಳಿದರೆ ಬಣ್ಣವೇ ಹಚ್ಚಿಲ್ಲದ ಲೋಹದಂತೆ ಕಾಣುತ್ತದೆಂದು ಹೀಗೆ ಮಾಡಿದರಂತೆ. ಒಂದು ಗುಂಡಿ ಒತ್ತಿದರೆ ಛಾವಣಿ ತೆರೆದು ಪಕ್ಕದ ಸೀಟಿನವನು ಹೊರಗೆ ಹಾರುತ್ತಾನೆ. ಬಣ್ಣ ಸುಳ್ಳು, ಆಟ ನಿಜ. ಇದಕ್ಕೆ ನನ್ನ ಪೂರ್ಣ ಅಂಕ.

ನನ್ನ ತಕರಾರಿರುವುದು ಎರಡರ ನಡುವೆ ಸಿಕ್ಕಿಕೊಂಡ ಕಾರುಗಳ ಬಗ್ಗೆ. ಬೆಲೆ ಹೆಚ್ಚಲೆಂದು ನಾಲ್ಕು ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲವನ್ನೂ ತೆರೆಯುವಂತೆ ಮಾಡುತ್ತಾರೆ. ಬಾಗಿಲು ತೆರೆಯಬೇಕೆಂದರೆ ಸುತ್ತಲೂ ಸಂದು ಬೇಕು, ಕೀಲು ಬೇಕು. ನಿಜವಾದ ಕಾರಿನಲ್ಲಿ ನಾಲ್ಕೈದು ಮಿಲಿಮೀಟರ್ ಇರುವ ಸಂದು 1:43ರಲ್ಲಿ ಕೂದಲಿನಷ್ಟಿರಬೇಕು. ಇವುಗಳಲ್ಲಿ ಅದು ದಾರದಷ್ಟು ದಪ್ಪ. ಅಳತೆ ಹಿಗ್ಗಿಸಿ ನೋಡಿದರೆ ಬಾಗಿಲ ಸಂದಿನಲ್ಲಿ ಬೆರಳು ತೂರಿಸಬಹುದು. ಹೆಚ್ಚು ತೋರಿಸಹೋಗಿ ಇದ್ದ ಆಕಾರವನ್ನೇ ಕೆಡಿಸಿಕೊಂಡ ಕೃತಿಗಳು ಇವು. ಇಂಥ ಕಾದಂಬರಿಗಳನ್ನೂ ನಾನು ಓದಿದ್ದೇನೆ. ಬಾಗಿಲು ಮುಚ್ಚಿಯೇ ಇರುವ, ಗೆರೆಯಷ್ಟೇ ಕೊರೆದಿರುವ ಸಾದಾ ಮಾದರಿಗಳು ಎಷ್ಟೋ ವಾಸಿ.

ಕಟ್ಟುವ ಕಾರುಗಳ ಸಾಲಿಗೆ ಬಂದಾಗ ಮಾತ್ರ ನನಗೆ ಅಣ್ಣನ ಮೇಲೆ ಗೌರವ ಬಂತು. ಜಪಾನಿನ ಶಿಜುವೊಕಾ ಊರಿನ ತಮಿಯಾ ಕಂಪನಿಯ ಕಿಟ್‌ಗಳು ಹೆಚ್ಚು. ಮರದ ವ್ಯಾಪಾರದಿಂದ ಆರಂಭವಾದ ಕಂಪನಿ ಅದು. ಎಪ್ಪತ್ತರ ದಶಕದಲ್ಲಿ ಒಂದು ಪೋರ್ಷೆ ಮಾದರಿ ಮಾಡಲು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು, ಬಿಚ್ಚಿ ಅಳತೆ ತೆಗೆದರಂತೆ. ಬಿಚ್ಚಿದ್ದನ್ನು ಮತ್ತೆ ಜೋಡಿಸಲು ಪೋರ್ಷೆಯ ಮೆಕ್ಯಾನಿಕ್‌ಗಳನ್ನು ಕರೆಸಬೇಕಾಯಿತಂತೆ. ಮಿಕ್ಸಿ ಬಿಚ್ಚಿ ಕೂತ ಗಂಡಂದಿರನ್ನು ಕಂಡ ನಮಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಕಿಟ್ ಎಂದರೆ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಹೂವಿನ ಮೊಗ್ಗುಗಳಂತೆ ಅಂಟಿಕೊಂಡ ನೂರಾರು ಬಿಡಿಭಾಗಗಳು. ಒಂದೊಂದನ್ನೂ ಕತ್ತರಿಸಿ, ತುದಿ ಉಜ್ಜಿ, ಜೋಡಿಸಬೇಕು. ಆ ಕೆಲಸದ ಅಂಟು ನಮ್ಮ ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕಿನ ಎರಡು ಅಂಚುಗಳನ್ನೂ ಕರಗಿಸಿ ಒಂದಾಗಿಸುತ್ತದೆ. ನಡುವೆ ಬಣ್ಣವಿದ್ದರೆ ಹಿಡಿಯುವುದಿಲ್ಲ, ಬಣ್ಣ ಕೆರೆದು ಹಚ್ಚಬೇಕು. ಮೈಬಣ್ಣವನ್ನು ತೆಳುವಾಗಿ ಮೂರು ನಾಲ್ಕು ಸಲ ಹೊಡೆದು, ಒಣಗಿಸಿ, ನೀರುಕಾಗದದಲ್ಲಿ ಉಜ್ಜಿ, ಮತ್ತೆ ಹೊಡೆಯಬೇಕು. ಅವಸರಪಟ್ಟು ದಪ್ಪಗೆ ಬಳಿದರೆ ಕಿತ್ತಳೆ ಸಿಪ್ಪೆಯಂತೆ ಗುಳಿ ಬೀಳುತ್ತದೆ. ಅಣ್ಣನ ಮೊದಲ ಐದಾರು ಕಾರುಗಳೆಲ್ಲ ಕಿತ್ತಳೆ ಸಿಪ್ಪೆಗಳೇ. ಅವನ್ನು ಅವನು ಎಸೆದಿಲ್ಲ, ಬಚ್ಚಿಟ್ಟೂ ಇಲ್ಲ. ಒಳ್ಳೆಯವುಗಳ ಪಕ್ಕದಲ್ಲೇ ನಿಲ್ಲಿಸಿದ್ದಾನೆ. ತನ್ನ ಮೊದಲ ಕವನ ಸಂಕಲನವನ್ನು ಮರೆಮಾಚದ ಕವಿಯಂತೆ.

ಒಂದು ದಿನ ಅತ್ತಿಗೆ ಎರಡನೇ ಸಾಲಿನಿಂದ ಒಂದು ಕಾರು ತೆಗೆದು, "ಇದನ್ನ ಮುಟ್ಟಬೇಡ, ಪುಡಿಯಾಗುತ್ತೆ" ಎಂದರು. ನೋಡಿದರೆ ಬಣ್ಣದ ಕೆಳಗೆ ಗುಳ್ಳೆ, ಗೆರೆಗೆರೆಯಾಗಿ ಬಿರುಕು. ಈ ಕಾರುಗಳ ಲೋಹ ಹೆಚ್ಚಾಗಿ ಸತು, ಸ್ವಲ್ಪ ಅಲ್ಯುಮಿನಿಯಂ. ಎರಕ ಹೊಯ್ಯುವಾಗ ಅದರಲ್ಲಿ ಒಂದಿಷ್ಟು ಸೀಸ ಬೆರೆತುಹೋದರೆ ವರ್ಷಗಳು ಕಳೆದಂತೆ ಲೋಹ ಒಳಗಿಂದಲೇ ಉಬ್ಬಿ ಒಡೆಯುತ್ತದೆ. ತೇವದ ಹವೆಯಲ್ಲಿ ಇನ್ನೂ ಬೇಗ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಎಷ್ಟೋ ಆಟಿಕೆಗಳು ಹೀಗೆಯೇ ಪುಡಿಯಾದವು. ಇದಕ್ಕೆ ಔಷಧಿಯಿಲ್ಲ. ಡಬ್ಬಿ ತೆರೆಯದೆ, ಬೆಳಕು ತೋರಿಸದೆ ಇಟ್ಟರೂ ಇದು ಬಿಡುವುದಿಲ್ಲ.

"ನಿಮಗೆ ಹೇಗೆ ಗೊತ್ತಾಯಿತು, ಅತ್ತಿಗೆ?"

"ಪ್ರತಿ ಶುಕ್ರವಾರ ಒರೆಸಿದ್ದು ಯಾರು? ನಿಮ್ಮಣ್ಣನಿಗಿಂತ ಮೊದಲು ನಾನೇ ನೋಡಿದ್ದು. ಹೇಳಿದೆ. ನೀನು ಜೋರಾಗಿ ಒರೆಸಿದ್ದಕ್ಕೇ ಹೀಗಾಯ್ತು ಅಂದ್ರು."

ಈ ಮಾತು ನನ್ನ ವಿಮರ್ಶೆಯ ದಿಕ್ಕನ್ನೇ ಬದಲಿಸಿತು. ಮೂವತ್ತು ವರ್ಷ, ವಾರಕ್ಕೊಮ್ಮೆ, ಹಳೆಯ ಮಲ್ಲು ಪಂಚೆಯ ಚೂರು ಹಿಡಿದು ಇನ್ನೂರು ಕಾರುಗಳ ಕನ್ನಡಿ ಮುರಿಯದಂತೆ ಒರೆಸಿದ ಕೈ ಈ ಸಂಗ್ರಹದಲ್ಲಿ ಎಲ್ಲಿದೆ? ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಲೆಸ್ನಿ ಕಾರ್ಖಾನೆಯಲ್ಲಿ ಸಾಲಾಗಿ ಕೂತು ಕಾರುಗಳಿಗೆ ಚಕ್ರ ಜೋಡಿಸಿ ಡಬ್ಬಿಗೆ ತುಂಬುತ್ತಿದ್ದವರಲ್ಲಿ ಬಹುಪಾಲು ಹೆಂಗಸರು. ಆ ಡಬ್ಬಿಗಾಗಿ ಇಂದು ಸಂಗ್ರಾಹಕರು ಸಾವಿರಗಟ್ಟಲೆ ಕೊಡುತ್ತಾರೆ. ಡಬ್ಬಿಯ ಮೇಲೆ ಕಾರಿನ ಹೆಸರಿದೆ, ಕಂಪನಿಯ ಹೆಸರಿದೆ. ಅವರಲ್ಲಿ ಯಾರ ಹೆಸರೂ ಇಲ್ಲ.

ನಾನು ನೋಟ್‌ಬುಕ್ಕನ್ನು ಮತ್ತೆ ತೆರೆದೆ. ಅಣ್ಣನ ಅಕ್ಷರ ಬ್ಯಾಂಕಿನ ಅಕ್ಷರ, ಒಂದೂ ಚಿತ್ತಿಲ್ಲ. ಕ್ರಮಸಂಖ್ಯೆ, ತಾರೀಖು, ಎಲ್ಲಿ ಕೊಂಡದ್ದು, ಬೆಲೆ, ಅಳತೆ, ತಯಾರಕರು. ನಂಬರು 187ರ ಎದುರು ಹೀಗಿತ್ತು: ಅಂಬಾಸಡರ್, 1:24, ತಯಾರಕರು: ಸ್ವಂತ.

ಆ ಅಂಬಾಸಡರಿಗೊಂದು ಹಿನ್ನೆಲೆ ಇದೆ. ನಮ್ಮ ಅಪ್ಪ ಬೇಲೂರು ಹಳೇಬೀಡಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಅಂಬಾಸಡರ್ ಓಡಿಸುತ್ತಿದ್ದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೂ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಕಾರು ಅದು. ನಮ್ಮನ್ನು ಓದಿಸಿದ್ದು, ನನ್ನ ಮದುವೆ ಮಾಡಿದ್ದು ಆ ಕಾರು. ಅಪ್ಪ ಹೋದ ಮೇಲೆ ಸಾಲಕ್ಕೆ ಮಾರಿದೆವು. ಅಣ್ಣ ಅದನ್ನು ಮತ್ತೆ ಕಟ್ಟಲು ಹೊರಟ. ಕಿಟ್ ಇಲ್ಲದೆ, ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಮೆದು ಹಾಲೆ ಮರವನ್ನು ತರಿಸಿ, ಕೆತ್ತಿ, ಒಳಗೆ ಟೊಳ್ಳು ಮಾಡಿ, ಪುಟ್ಟಿ ಮೆತ್ತಿ ಉಜ್ಜಿ ಎರಡು ವರ್ಷ ದುಡಿದ. ಅಂಬಾಸಡರಿನಲ್ಲಿ ಒಂದು ನೇರ ಗೆರೆಯಿಲ್ಲ. ಉದ್ದಿನ ಬೋಂಡದಂತೆ ಎಲ್ಲ ಕಡೆ ಗುಂಡು. ಆ ಗುಂಡನ್ನು ಅವನು ಚೆನ್ನಾಗಿಯೇ ಹಿಡಿದಿದ್ದಾನೆ. ಹೆಡ್‌ಲೈಟಿನ ಮೇಲಿನ ಹುಬ್ಬು, ಹಿಂದಿನ ಚಕ್ರದ ಮೇಲಿನ ಉಬ್ಬು ಎರಡೂ ಸರಿ.

ಆದರೆ ಛಾವಣಿ ತಪ್ಪು. ಅಳತೆಪಟ್ಟಿ ಹಿಡಿದೆ. ಇರಬೇಕಾದದ್ದಕ್ಕಿಂತ ಅರ್ಧ ಸೆಂಟಿಮೀಟರ್ ಎತ್ತರ. ನಿಜವಾದ ಕಾರಿನಲ್ಲಿ ಅದು ಹನ್ನೆರಡು ಸೆಂಟಿಮೀಟರ್, ಅಂದರೆ ಕಾರಿಗೆ ಪಗಡಿ ಇಟ್ಟ ಹಾಗೆ. ಬಾಗಿಲ ಸಂದಿಗೂ ತಲೆ ಕೆಡಿಸಿಕೊಳ್ಳುವ ಮನುಷ್ಯ ಇಷ್ಟು ದೊಡ್ಡ ತಪ್ಪು ಮಾಡಿದ್ದು ಹೇಗೆ? ಚಿಕ್ಕಂದಿನಲ್ಲಿ ಕಾರು ಹಾಗೆ ಎತ್ತರವಾಗಿ ಕಾಣುತ್ತಿತ್ತೇನೋ ಎಂದು ಒಂದು ಚಂದದ ವ್ಯಾಖ್ಯಾನ ಬರೆದುಕೊಂಡೆ. ಅತ್ತಿಗೆಗೆ ಓದಿ ಹೇಳಿದಾಗ ಅವರು ನಕ್ಕುಬಿಟ್ಟರು.

"ಅದೆಲ್ಲ ಏನಿಲ್ಲ ಕಣೇ. ಒಳಗೆ ನೋಡು."

ಡ್ರೈವರ್ ಸೀಟಿನಲ್ಲಿ ಬಟ್ಟೆಯ ಬೊಂಬೆಯೊಂದು ಕೂತಿತ್ತು. ಖಾಕಿ ಅಂಗಿ, ಕರಿಟೋಪಿ, ಹೆಗಲಿಗೆ ಬಿಳಿ ಚೌಕ. ಅಪ್ಪನೇ. ಹೊಲಿದದ್ದು ಅತ್ತಿಗೆ. ಸೀಟಿನ ಕವರು ಅವರ ರವಿಕೆ ಕಣದ ಚೂರು. ಬೊಂಬೆ ಅಳತೆಗಿಂತ ಒಂದು ತಲೆ ದೊಡ್ಡದಾಗಿತ್ತು. ಅಣ್ಣ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿ, ಏನೂ ಹೇಳದೆ, ಮುಗಿದಿದ್ದ ಛಾವಣಿಯನ್ನು ಗರಗಸದಿಂದ ಕತ್ತರಿಸಿ ಎತ್ತರಿಸಿದನಂತೆ.

"ದೊಡ್ಡದಾಯ್ತು ಅಂತ ಹೇಳಿದ್ರೆ ಇನ್ನೊಂದು ಹೊಲಿದುಕೊಡ್ತಿದ್ದೆ. ಅರ್ಧ ಗಂಟೆ ಕೆಲಸ. ಇವರು ನಾಲ್ಕು ತಿಂಗಳು ಒದ್ದಾಡಿದ್ರು. ಬಾಯಿಬಿಟ್ಟು ಒಂದು ಮಾತು ಹೇಳೋಕೆ ಬರ್ತಿರಲಿಲ್ಲ ನಿಮ್ಮಣ್ಣನಿಗೆ," ಎಂದರು. ದನಿಯಲ್ಲಿ ಇದ್ದದ್ದು ಪ್ರೀತಿಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಹಾಗಾದರೆ 187ನೇ ಕೃತಿಯ ಬಗ್ಗೆ ನನ್ನ ತೀರ್ಪೇನು? ಅಳತೆಯ ಮಾದರಿಯಾಗಿ ಅದು ಸೋತಿದೆ. ಛಾವಣಿ ಎತ್ತರ, ಚೌಕದ ನೂಲು ಆ ಅಳತೆಗೆ ಹಗ್ಗದಷ್ಟು ದಪ್ಪ. ಬಟ್ಟೆಯನ್ನು ಕುಗ್ಗಿಸಬಹುದು, ನೂಲನ್ನು ಕುಗ್ಗಿಸಲಾಗದು. ಪ್ರೀತಿಯಿಂದ ಮಾಡಿದ ತಪ್ಪು ಎಂದು ಅದನ್ನು ಸರಿ ಎನ್ನಲಾರೆ. ಹೆಂಡತಿಯ ಕೈಕೆಲಸಕ್ಕಾಗಿ ಎರಡು ವರ್ಷದ ಕೆಲಸವನ್ನು ಕತ್ತರಿಸಬಲ್ಲವನು ಅವಳ ಹೆಸರನ್ನು ಒಂದು ಸಾಲಿನಲ್ಲಿ ಬರೆಯಬಲ್ಲವನಾಗಿರಲಿಲ್ಲವಲ್ಲ, ಅದು ಛಾವಣಿಗಿಂತ ದೊಡ್ಡ ದೋಷ. ‘ಸ್ವಂತ’ ಎಂಬುದು ತಪ್ಪು ಮಾಹಿತಿ. ಪುಸ್ತಕಗಳಲ್ಲಿ ಇಂಥದ್ದನ್ನು ನಾನು ಬಿಟ್ಟವಳಲ್ಲ. ಆದರೂ 214ರಲ್ಲಿ ಒಂದನ್ನು ನನಗೆಂದು ಆರಿಸಿಕೋ ಎಂದರೆ ಅದನ್ನೇ ಆರಿಸಿಕೊಳ್ಳುತ್ತೇನೆ. ಉಳಿದವುಗಳಲ್ಲಿ ಡ್ರೈವರ್ ಸೀಟು ಖಾಲಿ.

ಅತ್ತಿಗೆಯ ಪ್ರಶ್ನೆಗೆ ನಾನು ಕೊಟ್ಟ ಸಲಹೆ ಹೀಗೆ. ಡಬ್ಬಿಯಲ್ಲೇ ಇರುವವು ಯಾರ ಕೈಯನ್ನೂ ಕಂಡಿಲ್ಲ, ಅವನ್ನು ಕೇಳಿದವರಿಗೆ ಒಳ್ಳೆಯ ಬೆಲೆಗೆ ಮಾರಿ. ಅಣ್ಣ ಕಟ್ಟಿದವು ಇರಲಿ, ಕಿತ್ತಳೆ ಸಿಪ್ಪೆಗಳೂ ಸೇರಿ. ಪುಡಿಯಾಗುತ್ತಿರುವುದನ್ನು ಬೇರೆ ಇಡಿ. ಸಣ್ಣವನ್ನೆಲ್ಲ ಮಕ್ಕಳಿಗೆ ಬಿಡಿ, ಹುಡುಗಿಯರಿಗೂ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು 58 ಡಬ್ಬಿಗಳನ್ನು ಮಾರಿದರು. ಆ ದುಡ್ಡಿನಲ್ಲಿ ಹತ್ತು ವರ್ಷದಿಂದ ಸೋರುತ್ತಿದ್ದ ತಾರಸಿ ರಿಪೇರಿಯಾಯಿತು.

ಈ ಸಲದ ದಸರೆಗೆ ಹೋದಾಗ ಅಂಬಾಸಡರ್ ಕೆಳಗಿನ ಮೆಟ್ಟಿಲ ಮುಂದೆ, ರಾಗಿ ಪೈರಿನ ಪಕ್ಕದ ರಸ್ತೆಯಲ್ಲಿ ನಿಂತಿತ್ತು. ಅಣ್ಣ ಇದ್ದಾಗ ಅದು ಬೀರುವಿನಿಂದ ಹೊರಗೆ ಬಂದದ್ದೇ ಇಲ್ಲ. ಬೊಂಬೆ ನೋಡಲು ಬಂದ ಪಕ್ಕದ ಮನೆಯ ಪುಟ್ಟಿ ಒಂದು ಕ್ಷಣ ನೋಡಿ, ಕೂತು, "ಡುರ್ರ್" ಎಂದು ಕೆರೆಯ ಸುತ್ತ ಓಡಿಸಿಯೇಬಿಟ್ಟಳು. ಮುಂದಿನ ಚಕ್ರ ಕಳಚಿ ಉರುಳಿತು. ಅವಳ ತಾಯಿ ಗದರಿದಳು. ನಾನು ಫೆವಿಕಾಲ್ ಹುಡುಕಲು ಎದ್ದೆ.

"ಅದು ಬೇಡ, ಅದು ಮರಕ್ಕೆ. ಈ ಗಂಬಿಗೆ ಹಿಡಿಯಲ್ಲ," ಎಂದು ಅತ್ತಿಗೆ ಅಣ್ಣನ ಮೇಜಿನ ಡ್ರಾಯರು ತೆಗೆದು ಬೇಕಾದ ಅಂಟನ್ನೂ ಚಿಮಟವನ್ನೂ ಬೆಳಕು ಕಾಣದೆ ಹುಡುಕಿ ತಂದರು. ಕನ್ನಡಕ ಏರಿಸಿಕೊಂಡು, ಚಕ್ರವನ್ನು ಕೂರಿಸಿ, ಒಂದು ನಿಮಿಷ ಅಲುಗಾಡದಂತೆ ಹಿಡಿದರು. ಆಮೇಲೆ ಕಾರನ್ನು ಪುಟ್ಟಿಯ ಕಡೆಗೆ ತಳ್ಳಿ, "ಹತ್ತು ನಿಮಿಷ ಬಿಟ್ಟು ಓಡಿಸು" ಎಂದರು.